ಲೈಕ್ ಕ್ವೆರಿ ಬರೆಯುವ ಕ್ರಮ: ಸುರಕ್ಷಿತವಾಗಿರಬೇಕು, ಎಲ್ಲ ಡೇಟಾಬೇಸ್‌ಗಳಲ್ಲೂ ಒಂದೇ ಉತ್ತರ ಕೊಡಬೇಕು

ಹುಡುಕಾಟದ ಪೆಟ್ಟಿಗೆಯಲ್ಲಿ ಬಳಕೆದಾರರು 50% ಎಂದು ಟೈಪ್ ಮಾಡುತ್ತಾರೆ. ಶೇಕಡಾ ಐವತ್ತರ ರಿಯಾಯಿತಿ ಇರುವ ಸಾಲುಗಳಷ್ಟೇ ಬರಬೇಕಾದಲ್ಲಿ 500, 1502, 2050 ಹೀಗೆ 50 ಇರುವ ಸಾಲುಗಳೆಲ್ಲವೂ ಬಂದು ನಿಲ್ಲುತ್ತವೆ. ಡೇಟಾಬೇಸಿಗೆ ಕಳಿಸಿದ ಪ್ರಶ್ನೆ, ಅಂದರೆ ಕ್ವೆರಿ, ಮುರಿದುಬಿದ್ದಿಲ್ಲ, ಲಾಗ್‌ನಲ್ಲಿ ಒಂದು ದೋಷಸಂದೇಶವೂ ಇಲ್ಲ, ಆದರೂ ಉತ್ತರ ತಪ್ಪು. ದೋಷಸಂದೇಶವಿಲ್ಲದ ಕಾರಣಕ್ಕಾಗಿಯೇ ಈ ಬಗೆಯ ತಪ್ಪುಗಳು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತವೆ.

ಬಳಕೆದಾರರು ಕೊಟ್ಟ ಪಠ್ಯವನ್ನು ಡೇಟಾಬೇಸ್ ಒಂದೇ ಸಲ ಓದುವುದಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಕ್ವೆರಿಯ ವಾಕ್ಯರಚನೆಯನ್ನು ಬಿಡಿಸುವ ಪಾರ್ಸರ್ ಮೊದಲು ಓದುತ್ತದೆ. ಪಠ್ಯದ ಭಾಗವನ್ನು ಹುಡುಕುವ ಲೈಕ್ ಎಂಬ ಆಪರೇಟರ್ ಅದೇ ಪಠ್ಯವನ್ನು ಪ್ಯಾಟರ್ನ್, ಅಂದರೆ ಹೋಲಿಸಿ ನೋಡುವ ಮಾದರಿ, ಎಂದು ಭಾವಿಸಿ ಎರಡನೆಯ ಸಲ ಓದುತ್ತದೆ. ಯಾವ ಅಕ್ಷರ ಯಾವುದಕ್ಕೆ ಸಮ ಎಂದು ತೀರ್ಮಾನಿಸುವ ಕೊಲೇಷನ್ ಮೂರನೆಯ ಸಲ ಓದುತ್ತದೆ. ಈ ಮೂರೂ ಹಂತಗಳಲ್ಲಿ ವಿಶೇಷ ಅರ್ಥ ಪಡೆಯುವ ಚಿಹ್ನೆಗಳು ಬೇರೆ ಬೇರೆ. ಒಂದು ಹಂತಕ್ಕೆ ಮಾಡಿದ ರಕ್ಷಣೆ ಇನ್ನೊಂದಕ್ಕೆ ಒದಗುವುದಿಲ್ಲ. ಕೆಳಗಿನ ವಿವರಣೆಯೆಲ್ಲ ಈ ಒಂದು ಮಾತಿನ ವಿಸ್ತರಣೆಯೇ ಆಗಿದೆ. ಕ್ವೆರಿಯ ಆಜ್ಞಾಪದಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಬರೆದಿದ್ದೇನೆ. ಚಿಹ್ನೆಗಳು ಮಾತ್ರ ಕೋಡ್‌ನಲ್ಲಿ ಇರುವಂತೆಯೇ ಇವೆ.

ಮೊದಲ ಹಂತ: ಬೈಂಡ್ ಮಾಡುವುದು

ಬಳಕೆದಾರರ ಪಠ್ಯವನ್ನು ಕ್ವೆರಿಯ ಸ್ಟ್ರಿಂಗ್‌ಗೆ ನೇರವಾಗಿ ಜೋಡಿಸಬಾರದು. ಇದಕ್ಕೆ ವಿನಾಯಿತಿಯಿಲ್ಲ. ಜೋಡಿಸಿದರೆ ಪಠ್ಯದಲ್ಲಿರುವ ಒಂದೇ ಒಂದು ' ಚಿಹ್ನೆ ಸ್ಟ್ರಿಂಗನ್ನು ಅಲ್ಲಿಗೇ ಮುಗಿಸಿ, ಉಳಿದ ಭಾಗವನ್ನು ಕ್ವೆರಿಯ ಆಜ್ಞೆಯನ್ನಾಗಿ ಮಾಡಿಬಿಡುತ್ತದೆ. ಕ್ವೆರಿ ಬರೆಯುವ ಭಾಷೆ ಎಸ್‌ಕ್ಯೂಎಲ್; ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಕರೆಯುವುದು ಇದನ್ನೇ. ತಂತ್ರಾಂಶ ದೌರ್ಬಲ್ಯಗಳ ಸಿಡಬ್ಲ್ಯೂಇ ಪಟ್ಟಿಯಲ್ಲಿ ಇದರ ಸಂಖ್ಯೆ 89.

' ಚಿಹ್ನೆಯನ್ನು ಇಮ್ಮಡಿಗೊಳಿಸಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಪೂರ್ವನಿಯೋಜಿತ ವ್ಯವಸ್ಥೆಯಲ್ಲಿ ಸ್ಟ್ರಿಂಗ್‌ನ ಒಳಗಿನ ಬ್ಯಾಕ್‌ಸ್ಲ್ಯಾಶ್‌ಗೂ ವಿಶೇಷ ಅರ್ಥವಿದೆ. ಯಾರಾದರೂ \' ಎಂದು ಕೊಟ್ಟರೆ, ನಿಮ್ಮ ಇಮ್ಮಡಿ ಕ್ರಮ ಅದನ್ನು \'' ಎಂದು ಮಾಡುತ್ತದೆ. ಡೇಟಾಬೇಸ್ ಮೊದಲಿನ ಎರಡು ಚಿಹ್ನೆಗಳನ್ನು ಸೇರಿಸಿ ಒಂದು ಉದ್ಧರಣ ಚಿಹ್ನೆ ಎಂದು ಓದಿಕೊಂಡು, ಮೂರನೆಯ ಚಿಹ್ನೆಗೆ ಸ್ಟ್ರಿಂಗ್ ಮುಗಿಯಿತು ಎಂದು ತಿಳಿಯುತ್ತದೆ. ರಕ್ಷಣೆಗೆಂದು ಸೇರಿಸಿದ ಚಿಹ್ನೆಯೇ ಬಾಗಿಲು ತೆರೆದಂತಾಯಿತು. ಪೋಸ್ಟ್‌ಗ್ರೆಸ್‌ನ ಈಗಿನ ಆವೃತ್ತಿಗಳಲ್ಲಿ ಅದೇ ಪಠ್ಯದಿಂದ ಏನೂ ಆಗುವುದಿಲ್ಲ. ಕೈಯಿಂದ ಮಾಡುವ ಇಂಥ ರಕ್ಷಣೆ ಒಂದು ಡೇಟಾಬೇಸಿನಲ್ಲಿ ನಿಂತು ಇನ್ನೊಂದರಲ್ಲಿ ಕುಸಿಯುತ್ತದೆ.

ಸರಿಯಾದ ದಾರಿಯೆಂದರೆ ಮೌಲ್ಯದ ಜಾಗದಲ್ಲಿ ಪ್ಲೇಸ್‌ಹೋಲ್ಡರ್ ಎಂಬ ಗುರುತನ್ನಿಟ್ಟು, ಮೌಲ್ಯವನ್ನು ಪ್ಯಾರಾಮೀಟರ್ ಆಗಿ ಬೇರೆಯಾಗಿ ಕೊಡುವುದು; ಬೈಂಡ್ ಮಾಡುವುದೆಂದರೆ ಇದೇ:

ಸೆಲೆಕ್ಟ್ ಹೆಸರು ಫ್ರಮ್ ವಸ್ತುಗಳು ವೇರ್ ಹೆಸರು ಲೈಕ್ ? ಎಸ್ಕೇಪ್ '!'

ಜಾವಾ ಪ್ರೋಗ್ರಾಂಗಳು ಡೇಟಾಬೇಸ್ ತಲುಪಲು ಬಳಸುವ ಜೆಡಿಬಿಸಿ ಮತ್ತು ಎಸ್‌ಕ್ಯೂಲೈಟ್‌ಗಳಲ್ಲಿ ಪ್ಲೇಸ್‌ಹೋಲ್ಡರ್ ಎಂದರೆ ?. ಪೋಸ್ಟ್‌ಗ್ರೆಸ್‌ನ ಸ್ವಂತ ರೂಪ $1. ಒರಾಕಲ್‌ನಲ್ಲಿ ಹೆಸರಿನ ಮುಂದೆ : ಬರುತ್ತದೆ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ @ ಬರುತ್ತದೆ. ಈ ವ್ಯತ್ಯಾಸವನ್ನು ಡೇಟಾಬೇಸಿನೊಡನೆ ಮಾತಾಡುವ ಡ್ರೈವರ್‌ಗೆ ಅಥವಾ ಕ್ವೆರಿಯನ್ನು ತಾನೇ ಕಟ್ಟಿಕೊಡುವ ಓಆರ್‌ಎಂ ಪದರಕ್ಕೆ ಬಿಟ್ಟುಬಿಡುವುದು ಒಳ್ಳೆಯದು. ಪೈಥಾನ್‌ನ ಸೈಕೋಪಿಜಿ ಡ್ರೈವರ್ ಬಳಸುವವರು ಒಂದು ಎಚ್ಚರಿಕೆ ವಹಿಸಬೇಕು: ಅದರ ಪ್ಲೇಸ್‌ಹೋಲ್ಡರ್ ಶೇಕಡಾ ಚಿಹ್ನೆಯಿಂದಲೇ ಆರಂಭವಾಗುವುದರಿಂದ, ಪ್ಯಾರಾಮೀಟರ್‌ಗಳಿರುವ ಕ್ವೆರಿಯ ಒಳಗೆ ನಿಜವಾದ ಶೇಕಡಾ ಚಿಹ್ನೆ ಬೇಕಿದ್ದರೆ %% ಎಂದು ಬರೆಯಬೇಕಾಗುತ್ತದೆ. ಚಿಹ್ನೆಯನ್ನು ಕ್ವೆರಿಯೊಳಗೆ ಇಡದೆ ಮೌಲ್ಯದೊಳಗೇ ಇಟ್ಟರೆ ಈ ತೊಡಕೂ ಇರುವುದಿಲ್ಲ.

ಕಾಲಂನ ಹೆಸರು, ವಿಂಗಡಣೆಯ ದಿಕ್ಕು ಇವುಗಳನ್ನು ಬೈಂಡ್ ಮಾಡಲು ಬರುವುದಿಲ್ಲ. ಯಾವ ಕಾಲಂನಲ್ಲಿ ಹುಡುಕಬೇಕೆಂದು ಬಳಕೆದಾರರೇ ಆರಿಸುವಂತಿದ್ದರೆ, ಅವರು ಕಳಿಸಿದ ಹೆಸರನ್ನು ಕ್ವೆರಿಗೆ ಹಾಕದೆ, ನೀವೇ ಮೊದಲು ಬರೆದಿಟ್ಟ ಪಟ್ಟಿಯಲ್ಲಿ ಅದಕ್ಕೆ ಹೊಂದುವ ಹೆಸರನ್ನು ಹುಡುಕಿ ತೆಗೆದುಕೊಳ್ಳಿ. ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ಕೋರಿಕೆಯನ್ನು ತಿರಸ್ಕರಿಸಿ.

ಎರಡನೆಯ ಹಂತ: ವೈಲ್ಡ್‌ಕಾರ್ಡ್‌ಗಳನ್ನು ಸಾಮಾನ್ಯ ಅಕ್ಷರವಾಗಿಸುವುದು

ಬಹಳಷ್ಟು ಜನ ಬೈಂಡ್ ಮಾಡಿ ಕೆಲಸ ಮುಗಿಯಿತೆಂದು ನಿಲ್ಲಿಸುತ್ತಾರೆ. ಬೈಂಡ್ ಮಾಡಿದ ಮೌಲ್ಯ ಪಾರ್ಸರ್‌ನಿಂದ ಪಾರಾಗುತ್ತದೆಯೇ ಹೊರತು ಲೈಕ್‌ನಿಂದ ಅಲ್ಲ. ಲೈಕ್‌ನ ಮಟ್ಟಿಗೆ % ಎಂದರೆ ಸೊನ್ನೆ ಅಥವಾ ಹೆಚ್ಚು ಅಕ್ಷರಗಳು, _ ಎಂದರೆ ಯಾವುದಾದರೂ ಒಂದು ಅಕ್ಷರ; ವೈಲ್ಡ್‌ಕಾರ್ಡ್‌ಗಳೆಂದರೆ ಇವೇ. ಅವು ಪ್ಯಾರಾಮೀಟರ್ ಮೂಲಕ ಬಂದರೂ ಅರ್ಥ ಅದೇ. ಅಂಡರ್‌ಸ್ಕೋರ್ ಇನ್ನೂ ಅಪಾಯಕಾರಿ, ಏಕೆಂದರೆ ಫೈಲ್ ಹೆಸರುಗಳಲ್ಲಿಯೂ ಬಳಕೆದಾರ ಹೆಸರುಗಳಲ್ಲಿಯೂ ಅದು ದಿನನಿತ್ಯ ಬರುವ ಚಿಹ್ನೆ, ಮತ್ತು ಅದರಿಂದ ಬರುವ ಹೆಚ್ಚುವರಿ ಸಾಲುಗಳು ಸರಿಯಾದವುಗಳನ್ನೇ ಹೋಲುತ್ತವೆ.

ಪರಿಹಾರ ಎಸ್ಕೇಪ್ ಉಪವಾಕ್ಯದಲ್ಲಿದೆ. ಒಂದು ಅಕ್ಷರವನ್ನು ಎಸ್ಕೇಪ್ ಅಕ್ಷರವೆಂದು ಘೋಷಿಸಿ, ವಿಶೇಷ ಚಿಹ್ನೆಗಳ ಮುಂದೆ ಅದನ್ನು ಇಡಬೇಕು. ಇಲ್ಲಿ ಕ್ರಮ ಬಹಳ ಮುಖ್ಯ. ಬಳಕೆದಾರರ ಪಠ್ಯ 50%_ಹೊಸ! ಎಂದಿರಲಿ, ಎಸ್ಕೇಪ್ ಅಕ್ಷರ ! ಆಗಿರಲಿ. ಮೊದಲು ಎಸ್ಕೇಪ್ ಅಕ್ಷರವನ್ನೇ ಇಮ್ಮಡಿಗೊಳಿಸಬೇಕು, ಆಗ 50%_ಹೊಸ!! ಸಿಗುತ್ತದೆ. ನಂತರ ಶೇಕಡಾ ಚಿಹ್ನೆ, ಆಗ 50!%_ಹೊಸ!! ಸಿಗುತ್ತದೆ. ನಂತರ ಅಂಡರ್‌ಸ್ಕೋರ್, ಆಗ 50!%!_ಹೊಸ!! ಸಿಗುತ್ತದೆ. ಕೊನೆಗೆ ನಮಗೆ ಬೇಕಾದ ವೈಲ್ಡ್‌ಕಾರ್ಡ್‌ಗಳನ್ನು ಎರಡು ತುದಿಗೂ ಸೇರಿಸಿದರೆ %50!%!_ಹೊಸ!!% ಎಂಬ ಪ್ಯಾಟರ್ನ್ ಸಿದ್ಧವಾಗುತ್ತದೆ. ಈ ಕ್ರಮವನ್ನು ತಿರುಗಿಸಿ, ಎಸ್ಕೇಪ್ ಅಕ್ಷರವನ್ನು ಕೊನೆಯಲ್ಲಿ ಇಮ್ಮಡಿಗೊಳಿಸಿದರೆ 50!!%!!_ಹೊಸ!! ಆಗುತ್ತದೆ. ಇದರಲ್ಲಿ !! ಎಂಬುದು ಒಂದು ಆಶ್ಚರ್ಯಸೂಚಕ ಚಿಹ್ನೆಯಾಗಿ ಓದಿಸಿಕೊಂಡು, ಅದರ ಪಕ್ಕದ % ಮತ್ತೆ ವೈಲ್ಡ್‌ಕಾರ್ಡ್ ಆಗಿಬಿಡುತ್ತದೆ.

ಬ್ಯಾಕ್‌ಸ್ಲ್ಯಾಶ್ ಬಿಟ್ಟು ಆಶ್ಚರ್ಯಸೂಚಕ ಚಿಹ್ನೆಯನ್ನೇ ಏಕೆ ಆರಿಸಬೇಕು ಎಂಬುದಕ್ಕೆ ಗಟ್ಟಿಯಾದ ಕಾರಣವಿದೆ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್‌ಗಳಲ್ಲಿ ಏನೂ ಹೇಳದಿದ್ದರೂ ಬ್ಯಾಕ್‌ಸ್ಲ್ಯಾಶ್ ಎಸ್ಕೇಪ್ ಅಕ್ಷರವಾಗಿರುತ್ತದೆ. ಒರಾಕಲ್, ಎಸ್‌ಕ್ಯೂಎಲ್ ಸರ್ವರ್, ಎಸ್‌ಕ್ಯೂಲೈಟ್‌ಗಳಲ್ಲಿ ಹೇಳದಿದ್ದರೆ ಎಸ್ಕೇಪ್ ಅಕ್ಷರವೇ ಇರುವುದಿಲ್ಲ. ಆದ್ದರಿಂದ ಎಸ್ಕೇಪ್ ಉಪವಾಕ್ಯವನ್ನು ಯಾವಾಗಲೂ ಸ್ಪಷ್ಟವಾಗಿ ಬರೆಯಲೇಬೇಕು. ಬರೆಯುವಾಗ '\' ಎಂದು ಬರೆದರೆ ಪೋಸ್ಟ್‌ಗ್ರೆಸ್‌ನಲ್ಲಿ ಸರಿಯಾಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಆ ಬ್ಯಾಕ್‌ಸ್ಲ್ಯಾಶ್ ಮುಂದಿನ ಉದ್ಧರಣ ಚಿಹ್ನೆಯನ್ನು ನುಂಗಿಕೊಂಡು ಸ್ಟ್ರಿಂಗ್ ಮುಗಿಯದೆ ಉಳಿಯುತ್ತದೆ. '\\' ಎಂದು ಬರೆದರೆ ಮೈಎಸ್‌ಕ್ಯೂಎಲ್‌ಗೆ ಸರಿ. ಉಳಿದವುಗಳಿಗೆ ಅದು ಎರಡು ಅಕ್ಷರ, ಹಾಗಾಗಿ ದೋಷ. ಇದರ ಮೇಲೆ ನಿಮ್ಮ ಪ್ರೋಗ್ರಾಮಿಂಗ್ ಭಾಷೆಯ ಸ್ಟ್ರಿಂಗ್‌ನಲ್ಲೂ ಬ್ಯಾಕ್‌ಸ್ಲ್ಯಾಶ್‌ಗೆ ಬೇರೆ ಅರ್ಥವಿದೆ. ! ಚಿಹ್ನೆಗೆ ಈ ಯಾವ ಹಂತದಲ್ಲೂ ಅರ್ಥವಿಲ್ಲ.

ಎಸ್‌ಕ್ಯೂಎಲ್ ಸರ್ವರ್‌ಗೆ ಇನ್ನೊಂದು ವಿಶೇಷವಿದೆ: ಅಲ್ಲಿ [ ಕೂಡ ಪ್ಯಾಟರ್ನ್‌ನ ಚಿಹ್ನೆ, ಅಕ್ಷರಗಳ ಗುಂಪನ್ನು ಸೂಚಿಸಲು ಅದನ್ನು ಬಳಸುತ್ತಾರೆ. ಆದ್ದರಿಂದ ಅಲ್ಲಿ ಅದರ ಮುಂದೆಯೂ ! ಇಡಬೇಕು. ಹಾಗೆಂದು ಎಲ್ಲ ಡೇಟಾಬೇಸ್‌ಗಳಿಗೂ ಅದನ್ನೇ ಮಾಡಿಬಿಡೋಣ ಎಂದರೆ ಒರಾಕಲ್ ಒಪ್ಪುವುದಿಲ್ಲ. ಎಸ್ಕೇಪ್ ಅಕ್ಷರದ ನಂತರ %, _ ಅಥವಾ ಎಸ್ಕೇಪ್ ಅಕ್ಷರವೇ ಬರಬೇಕೆಂಬುದು ಅದರ ನಿಯಮ. ಬೇರೆ ಏನು ಬಂದರೂ 01424 ಸಂಖ್ಯೆಯ ದೋಷ ಕೊಟ್ಟು ಕ್ವೆರಿಯನ್ನು ನಿಲ್ಲಿಸುತ್ತದೆ. ಎಸ್ಕೇಪ್ ಮಾಡುವ ಕೆಲಸವನ್ನು ಒಂದೇ ಫಂಕ್ಷನ್‌ನಲ್ಲಿ ಇಟ್ಟು, ಸಂಪರ್ಕದಲ್ಲಿರುವ ಡೇಟಾಬೇಸ್ ಯಾವುದು ಎಂಬುದನ್ನು ಅದಕ್ಕೆ ತಿಳಿಸಿ, ಎಸ್‌ಕ್ಯೂಎಲ್ ಸರ್ವರ್ ಆಗಿದ್ದರೆ ಮಾತ್ರ [ ಚಿಹ್ನೆಯನ್ನು ಸೇರಿಸುವುದೇ ಇದಕ್ಕಿರುವ ಅಚ್ಚುಕಟ್ಟಾದ ಉಪಾಯ.

ಎರಡು ತುದಿಯ % ಚಿಹ್ನೆಗಳನ್ನು ಕ್ವೆರಿಯೊಳಗೆ ಜೋಡಿಸದೆ, ಪ್ರೋಗ್ರಾಂನಲ್ಲೇ ಪೂರ್ತಿ ಪ್ಯಾಟರ್ನ್ ಕಟ್ಟಿ ಕಳಿಸಿ. ಪ್ರಮಾಣಿತ ಎಸ್‌ಕ್ಯೂಎಲ್‌ನಲ್ಲಿ ಸ್ಟ್ರಿಂಗ್ ಜೋಡಿಸುವ ಚಿಹ್ನೆ ||. ಆದರೆ ಮೈಎಸ್‌ಕ್ಯೂಎಲ್‌ನ ಪೂರ್ವನಿಯೋಜಿತ ವ್ಯವಸ್ಥೆಯಲ್ಲಿ ಅದಕ್ಕೆ ‘ಅಥವಾ’ ಎಂಬ ತಾರ್ಕಿಕ ಅರ್ಥ, ಮತ್ತು ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಬಹುಕಾಲದಿಂದ ಆ ಕೆಲಸ ಮಾಡುತ್ತಿರುವುದು +. ನಲ್, ಅಂದರೆ ಮೌಲ್ಯವೇ ಇಲ್ಲದ್ದನ್ನು, ಜೋಡಿಸಿದರೆ ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಪ್ಯಾಟರ್ನ್ ನಲ್ ಆಗಿ ಒಂದು ಸಾಲೂ ಬರುವುದಿಲ್ಲ. ಖಾಲಿ ಸ್ಟ್ರಿಂಗನ್ನೇ ನಲ್ ಎಂದು ಪರಿಗಣಿಸುವ ಒರಾಕಲ್‌ನಲ್ಲಿ ಅದೇ ಜೋಡಣೆ %% ಆಗಿ ನಲ್ ಅಲ್ಲದ ಎಲ್ಲ ಸಾಲುಗಳೂ ಬರುತ್ತವೆ. ಪ್ಯಾಟರ್ನ್ ಪ್ರೋಗ್ರಾಂನಲ್ಲಿ ತಯಾರಾದರೆ ಈ ತಕರಾರುಗಳೇ ಹುಟ್ಟುವುದಿಲ್ಲ, ಖಾಲಿ ಹುಡುಕಾಟ ಬಂದಾಗ ಏನು ಮಾಡಬೇಕೆಂಬುದನ್ನೂ ನೀವೇ ನಿರ್ಧರಿಸಬಹುದು.

ಫ್ರೇಮ್‌ವರ್ಕ್ ಬಳಸುವವರು ಅದು ಏನನ್ನು ಮಾಡುತ್ತದೆ, ಏನನ್ನು ಬಿಡುತ್ತದೆ ಎಂದು ಖಚಿತಪಡಿಸಿಕೊಳ್ಳಬೇಕು. ಜ್ಯಾಂಗೋದಲ್ಲಿ ಪಠ್ಯದ ಭಾಗ ಹುಡುಕುವ ಕಂಟೇನ್ಸ್ ವೈಲ್ಡ್‌ಕಾರ್ಡ್‌ಗಳನ್ನು ತಾನಾಗಿಯೇ ಎಸ್ಕೇಪ್ ಮಾಡುತ್ತದೆ. ಎಸ್‌ಕ್ಯೂಎಲ್‌ಆಲ್ಕೆಮಿಯ ಕಂಟೇನ್ಸ್‌ಗೆ ಆಟೋಎಸ್ಕೇಪ್ ಎಂಬ ಆಯ್ಕೆಯನ್ನು ನೀವೇ ಕೊಡಬೇಕು. ರೈಲ್ಸ್‌ನಲ್ಲಿ ಅದಕ್ಕೆಂದೇ ಬೇರೆ ಮೆಥಡ್ ಇದ್ದು, ಅದನ್ನು ನೀವು ಕರೆಯದ ಹೊರತು ಏನೂ ಆಗುವುದಿಲ್ಲ. ಫ್ರೇಮ್‌ವರ್ಕ್ ಮಾಡಿದ ಮೇಲೆ ನೀವೂ ಮಾಡಿದರೆ ಎರಡು ಸಲ ಎಸ್ಕೇಪ್ ಆಗಿ, ನಿಜವಾದ ಸಾಲುಗಳೂ ಸಿಗದಂತಾಗುತ್ತವೆ.

ಲೈಕ್ ಬಳಸಲೇಬಾರದ ಜಾಗ

ಪಾಸ್‌ವರ್ಡ್ ಬದಲಿಸುವ ಕೊಂಡಿಯ ಟೋಕನ್, ಆಹ್ವಾನದ ಕೋಡ್, ಇಮೇಲ್ ವಿಳಾಸದಿಂದ ಖಾತೆ ಗುರುತಿಸುವುದು ಇಂಥ ಕಡೆ ದೊಡ್ಡಕ್ಷರ ಸಣ್ಣಕ್ಷರದ ಭೇದ ಬೇಡವೆಂಬ ಒಂದೇ ಕಾರಣಕ್ಕೆ = ಬದಲು ಲೈಕ್ ಬರೆದಿರುವುದನ್ನು ಕಾಣಬಹುದು. ಅಲ್ಲಿ ಯಾರಾದರೂ ಟೋಕನ್ ಜಾಗದಲ್ಲಿ ಬರೀ % ಕಳಿಸಿದರೆ ಟೇಬಲ್‌ನ ಯಾವುದೋ ಒಂದು ಸಾಲು ಹೊಂದಿಬಿಡುತ್ತದೆ. ಕ್ವೆರಿ ಬೈಂಡ್ ಆಗಿದ್ದರೂ, ಇಂಜೆಕ್ಷನ್ ಪರೀಕ್ಷೆಯಲ್ಲಿ ಪಾಸಾಗಿದ್ದರೂ, ಬೇರೊಬ್ಬರ ಖಾತೆ ತೆರೆದುಕೊಳ್ಳುತ್ತದೆ. ಗುರುತು ಪತ್ತೆಹಚ್ಚುವ ಯಾವ ಕೆಲಸಕ್ಕೂ ಲೈಕ್ ಬೇಡ. ಎಸ್ಕೇಪ್ ಮಾಡಿದ ಲೈಕ್ ಕೂಡ ಬೇಡ, = ಇರಲಿ.

ಮೂರನೆಯ ಹಂತ: ಯಾವುದು ಯಾವುದಕ್ಕೆ ಸಮ

ಒಂದೇ ಕ್ವೆರಿ ಡೇಟಾಬೇಸಿನಿಂದ ಡೇಟಾಬೇಸಿಗೆ ಬೇರೆ ಉತ್ತರ ಕೊಡುವುದು ಹೆಚ್ಚಾಗಿ ಈ ಹಂತದಲ್ಲಿ. ಲ್ಯಾಟಿನ್ ಲಿಪಿಯ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಪೋಸ್ಟ್‌ಗ್ರೆಸ್ ಮತ್ತು ಒರಾಕಲ್‌ಗಳ ಲೈಕ್ ಸಾಮಾನ್ಯವಾಗಿ ಬೇರೆ ಬೇರೆ ಎಂದೇ ಪರಿಗಣಿಸುತ್ತದೆ. ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಎಲ್ ಸರ್ವರ್‌ಗಳಲ್ಲಿ ಅದು ಕಾಲಂನ ಕೊಲೇಷನ್‌ಗೆ ಬಿಟ್ಟದ್ದು, ಮೈಎಸ್‌ಕ್ಯೂಎಲ್ 8.0ರ ಪೂರ್ವನಿಯೋಜಿತ ಕೊಲೇಷನ್ ದೊಡ್ಡಕ್ಷರ ಸಣ್ಣಕ್ಷರದ ಜೊತೆಗೆ ಲ್ಯಾಟಿನ್ ಅಕ್ಷರದ ಮೇಲಿನ ಸ್ವರಾಘಾತ ಚಿಹ್ನೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಸ್‌ಕ್ಯೂಲೈಟ್ ಆಸ್ಕಿ, ಅಂದರೆ ಇಂಗ್ಲಿಷಿನ ಮೂಲ ಅಕ್ಷರಗಳಿಗೆ ಮಾತ್ರ ಈ ಭೇದವನ್ನು ಮರೆಯುತ್ತದೆ. ಪರೀಕ್ಷೆಗೆ ಎಸ್‌ಕ್ಯೂಲೈಟ್, ನಿಜ ಬಳಕೆಗೆ ಪೋಸ್ಟ್‌ಗ್ರೆಸ್ ಇಟ್ಟುಕೊಂಡ ತಂಡಗಳಲ್ಲಿ ಪರೀಕ್ಷೆಗಳೆಲ್ಲ ಹಸಿರಾಗಿದ್ದೂ ಬಳಕೆದಾರರಿಗೆ ಫಲಿತಾಂಶ ಸಿಗದಿರುವುದಕ್ಕೆ ಇದೇ ಕಾರಣವಾಗಿರುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಈ ಭೇದವನ್ನು ಎಣಿಸದ ಐಲೈಕ್ ಅನುಕೂಲಕರ, ಆದರೆ ಬೇರೆ ಡೇಟಾಬೇಸ್‌ಗಳಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಎಲ್ಲೆಡೆ ನಡೆಯುವ ರೂಪವೆಂದರೆ ಕಾಲಂ ಮತ್ತು ಪ್ಲೇಸ್‌ಹೋಲ್ಡರ್ ಎರಡನ್ನೂ ಸಣ್ಣಕ್ಷರಕ್ಕೆ ತಿರುಗಿಸುವ ಲೋವರ್ ಫಂಕ್ಷನ್‌ಗೆ ಕೊಟ್ಟು ಹೋಲಿಸುವುದು. ಒಂದು ಬದಿಯನ್ನು ಪ್ರೋಗ್ರಾಂನಲ್ಲಿ, ಇನ್ನೊಂದು ಬದಿಯನ್ನು ಡೇಟಾಬೇಸಿನಲ್ಲಿ ಸಣ್ಣಕ್ಷರಕ್ಕೆ ತಿರುಗಿಸಬಾರದು, ಏಕೆಂದರೆ ಎರಡರ ನಿಯಮಗಳೂ ಒಂದೇ ಆಗಿರಬೇಕೆಂದಿಲ್ಲ. ಟರ್ಕಿಶ್ ಭಾಷೆಯ ಚುಕ್ಕೆಯಿಲ್ಲದ ‘ಐ’ ಅಕ್ಷರ ಇಂಥ ಹೊಂದಾಣಿಕೆಯಿಲ್ಲದ ಕಡೆಗಳಲ್ಲೇ ತೊಂದರೆ ಕೊಡುವುದು.

ಕನ್ನಡ ಪಠ್ಯವನ್ನು ಹುಡುಕುವಾಗ

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳಿಲ್ಲ, ಹಾಗಾಗಿ ಮೇಲಿನ ತೊಡಕು ನಮಗಿಲ್ಲ ಎಂದು ಸಮಾಧಾನ ಪಡುವಂತಿಲ್ಲ. ನಮ್ಮ ತೊಡಕುಗಳು ಬೇರೆ, ಮತ್ತು ಅವುಗಳ ಬಗ್ಗೆ ಡೇಟಾಬೇಸ್‌ಗಳ ಕೈಪಿಡಿಗಳಲ್ಲಿ ಓದಲು ಸಿಗುವುದು ಅಪರೂಪ.

‘ಕೊಡೆ’ ಎಂಬ ಪದದ ಒತ್ವವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಲು ಸಾಧ್ಯ: ಒತ್ವಕ್ಕಿರುವ ಒಂದೇ ಸಂಕೇತದಿಂದ, ಇಲ್ಲವೇ ಎತ್ವ ಮತ್ತು ಊತ್ವದ ಎರಡು ಸಂಕೇತಗಳನ್ನು ಒಂದರ ಪಕ್ಕ ಒಂದಿಟ್ಟು. ತೆರೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ, ಆದರೆ ಸಂಕೇತಗಳನ್ನು ಒಂದೊಂದಾಗಿ ಹೋಲಿಸುವ ಲೈಕ್‌ಗೆ ಅವು ಬೇರೆ ಬೇರೆ ಪದಗಳು. ಈತ್ವ, ಏತ್ವ, ಐತ್ವ, ಓತ್ವಗಳಿಗೂ ಇಂಥ ಬಿಡಿ ರೂಪಗಳಿವೆ. ಇದಕ್ಕೆ ಯೂನಿಕೋಡ್ ನಾರ್ಮಲೈಸೇಷನ್ ಎಂಬ ಸಿದ್ಧ ಉಪಾಯವಿದೆ. ಎನ್‌ಎಫ್‌ಸಿ ರೂಪಕ್ಕೆ ತಂದರೆ ಬಿಡಿ ಸಂಕೇತಗಳೆಲ್ಲ ಕೂಡಿ ಒಂದಾಗುತ್ತವೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರರಲ್ಲೂ ಇದಕ್ಕೆ ಫಂಕ್ಷನ್ ಇದೆ. ಪೋಸ್ಟ್‌ಗ್ರೆಸ್ 13ರಿಂದ ಡೇಟಾಬೇಸಿನೊಳಗೂ ಇದೆ. ಪಠ್ಯ ಟೇಬಲ್‌ಗೆ ಸೇರುವಾಗಲೂ ಹುಡುಕಾಟದ ಪದ ಬರುವಾಗಲೂ ಎರಡೂ ಕಡೆ ಇದನ್ನು ಮಾಡಬೇಕು.

ಎನ್‌ಎಫ್‌ಸಿ ಮುಟ್ಟದ ಇನ್ನೊಂದು ಸಂಗತಿಯಿದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವಕಾರ ಒತ್ತಕ್ಷರವಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ನಾನ್‌ಜಾಯಿನರ್ ಸಂಕೇತವನ್ನು ಸೇರಿಸುತ್ತೇವೆ. ಅದನ್ನು ಸೇರಿಸದೆ ಬರೆಯುವವರೂ ಅಷ್ಟೇ ಜನ ಇದ್ದಾರೆ. ‘ರ‍್ಯಾಂಕ್’ ಎಂಬಲ್ಲಿ ಅರ್ಕಾವೊತ್ತು ಬಾರದಂತೆ ತಡೆಯುವ ಜಾಯಿನರ್ ಸಂಕೇತ ಕೆಲವು ಪಠ್ಯಗಳಲ್ಲಿ ಹಲಂತಕ್ಕೆ ಮೊದಲು ಬರುತ್ತದೆ, ಇನ್ನು ಕೆಲವುಗಳಲ್ಲಿ ನಂತರ ಬರುತ್ತದೆ. ಇವುಗಳನ್ನು ಮೂಲ ಪಠ್ಯದಿಂದ ಕಿತ್ತುಹಾಕಿದರೆ ಪದದ ರೂಪವೇ ಕೆಡುತ್ತದೆ. ಆದ್ದರಿಂದ ತೋರಿಸಲು ಒಂದು ಕಾಲಂ, ಹುಡುಕಲು ಇನ್ನೊಂದು ಕಾಲಂ ಇಟ್ಟುಕೊಳ್ಳುವುದೇ ಸರಿ. ಹುಡುಕುವ ಕಾಲಂನಲ್ಲಿ ಎನ್‌ಎಫ್‌ಸಿ ರೂಪಕ್ಕೆ ತಂದು, ಎರಡೂ ಬಗೆಯ ಜಾಯಿನರ್‌ಗಳನ್ನು ತೆಗೆದು, ೫೦ ಎಂಬಂಥ ಕನ್ನಡ ಅಂಕಿಗಳನ್ನು 50 ಎಂಬ ರೂಪಕ್ಕೆ ಬದಲಿಸಿ, ಲ್ಯಾಟಿನ್ ಅಕ್ಷರಗಳನ್ನು ಸಣ್ಣದಾಗಿಸಿ ಇಡಿ. ಬಳಕೆದಾರರ ಪದವೂ ಅದೇ ಫಂಕ್ಷನ್ ಮೂಲಕ ಹಾದು ಬರಲಿ. ಹೀಗೆ ಎರಡು ಬದಿಯೂ ಪ್ರೋಗ್ರಾಂನ ಒಂದೇ ಫಂಕ್ಷನ್‌ನಲ್ಲಿ ತಯಾರಾದರೆ ಕ್ವೆರಿಯಲ್ಲಿ ಲೋವರ್ ಕೂಡ ಬೇಕಾಗುವುದಿಲ್ಲ. ಎಸ್ಕೇಪ್ ಮಾಡುವುದು ಇದೆಲ್ಲ ಮುಗಿದ ಮೇಲೆ.

ಲೈಕ್‌ನ _ ಒಂದು ಸಂಕೇತಕ್ಕೆ ಹೊಂದುತ್ತದೆಯೇ ಹೊರತು ನಾವು ಒಂದು ಅಕ್ಷರವೆಂದು ಓದುವುದಕ್ಕೆ ಅಲ್ಲ. ‘ಕ್ಷ’ ನಮಗೆ ಒಂದು ಅಕ್ಷರ, ಯೂನಿಕೋಡ್‌ಗೆ ಮೂರು ಸಂಕೇತ. ಇದೇ ಕಾರಣಕ್ಕೆ ‘ಮರ’ ಎಂದು ಹುಡುಕಿದರೆ ‘ಮರಳು’ ಮಾತ್ರವಲ್ಲ, ‘ಮರೆವು’ ಮತ್ತು ‘ಮರ್ಯಾದೆ’ ಕೂಡ ಬರುತ್ತವೆ, ಏಕೆಂದರೆ ರಕಾರದ ನಂತರದ ಎತ್ವವಾಗಲಿ ಹಲಂತವಾಗಲಿ ಪ್ರತ್ಯೇಕ ಸಂಕೇತಗಳು. ಇದು ಬೇಡವೆನಿಸಿದರೆ, ಬಂದ ಸಾಲುಗಳನ್ನು ಪ್ರೋಗ್ರಾಂನಲ್ಲಿ ಪರಿಶೀಲಿಸಿ, ಹೊಂದಿದ ಭಾಗದ ನಂತರದ ಸಂಕೇತ ಸ್ವರಚಿಹ್ನೆಯೋ ಹಲಂತವೋ ಆಗಿರುವ ಸಾಲುಗಳನ್ನು ಬಿಟ್ಟುಬಿಡಬಹುದು. ಹೆಸರಿನ ಆರಂಭದ ಅಕ್ಷರಗಳನ್ನು ಟೈಪ್ ಮಾಡುತ್ತಿದ್ದಂತೆ ಸಲಹೆ ತೋರಿಸುವ ಕಡೆ ಮಾತ್ರ ಹೀಗೆ ಮಾಡಬೇಡಿ; ‘ಮರ್ಯಾದೆ’ ಎಂದು ಬರೆಯಲು ಹೊರಟವರೂ ಮೊದಲು ‘ಮರ’ ಎಂದೇ ಟೈಪ್ ಮಾಡಿರುತ್ತಾರೆ.

ವೇಗ ಮತ್ತು ಮಿತಿ

% ಇಂದ ಆರಂಭವಾಗುವ ಪ್ಯಾಟರ್ನ್‌ಗೆ ಹುಡುಕಾಟವನ್ನು ವೇಗಗೊಳಿಸುವ ಸಾಮಾನ್ಯ ಬಿ-ಟ್ರೀ ಇಂಡೆಕ್ಸ್ ನೆರವಾಗುವುದಿಲ್ಲ. ಇಡೀ ಟೇಬಲ್ಲನ್ನು ಓದಬೇಕಾಗುತ್ತದೆ. ಪದದ ಆರಂಭದಿಂದ ಹುಡುಕಿದರೆ ಸಾಕು ಎನ್ನುವ ಕಡೆ ಕೊನೆಗೆ ಮಾತ್ರ % ಇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಕೊಲೇಷನ್ ‘ಸಿ’ (ಬೈಟ್‌ಗಳನ್ನೇ ನೇರವಾಗಿ ಹೋಲಿಸುವುದು) ಅಲ್ಲದಿದ್ದರೆ ಅದಕ್ಕೂ ಪ್ಯಾಟರ್ನ್ ಆಪರೇಟರ್ ವರ್ಗದ ಇಂಡೆಕ್ಸ್ ಬೇಕು. ನಡುವಿನ ಭಾಗವನ್ನೇ ಹುಡುಕಬೇಕಿದ್ದರೆ ಪಿಜಿ ಟ್ರೈಗ್ರಾಂ ಎಕ್ಸ್‌ಟೆನ್ಷನ್ ಒಳ್ಳೆಯದು, ಆದರೆ ಅದು ಮೂರು ಮೂರು ಅಕ್ಷರಗಳ ತುಣುಕುಗಳ ಮೇಲೆ ನಿಂತಿರುವುದರಿಂದ ಅದಕ್ಕಿಂತ ಚಿಕ್ಕ ಪದಗಳಿಗೆ ಉಪಯೋಗವಾಗದು. ಕ್ವೆರಿಯಲ್ಲಿ ಲೋವರ್ ಬಳಸಿದ್ದರೆ ಇಂಡೆಕ್ಸ್ ಕೂಡ ಲೋವರ್ ಮಾಡಿದ ರೂಪದ ಮೇಲೆಯೇ ಇರಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಇಂಥ ಇಂಡೆಕ್ಸ್ 8.0.13ರಿಂದ ಸಿಗುತ್ತದೆ.

ಹುಡುಕಾಟದ ಪದದ ಉದ್ದಕ್ಕೆ ಮಿತಿ ಹಾಕಿ, ಹಿಂದಿರುಗುವ ಸಾಲುಗಳಿಗೂ ಮಿತಿ ಹಾಕಿ, ಕ್ವೆರಿಗೆ ಕಾಲಾವಧಿಯನ್ನೂ ನಿಗದಿಪಡಿಸಿ. ಪ್ಯಾಟರ್ನ್ ಹೋಲಿಕೆಯ ಖರ್ಚು ವೈಲ್ಡ್‌ಕಾರ್ಡ್‌ಗಳ ಜೊತೆ ಬೆಳೆಯುತ್ತದೆ ಎಂಬ ಕಾರಣಕ್ಕೇ ಎಸ್‌ಕ್ಯೂಲೈಟ್ ಪ್ಯಾಟರ್ನ್‌ನ ಉದ್ದವನ್ನು ಪೂರ್ವನಿಯೋಜಿತವಾಗಿ 50,000 ಬೈಟ್‌ಗಳಿಗೆ ನಿಲ್ಲಿಸಿದೆ. ಸಾಮಾನ್ಯ ಹುಡುಕಾಟಕ್ಕೆ 100 ಅಕ್ಷರಗಳ ಮಿತಿಯೇ ಧಾರಾಳ.

ರೆಗ್ಯುಲರ್ ಎಕ್ಸ್‌ಪ್ರೆಷನ್‌ಗಳತ್ತ ಹೋಗದಿರುವುದು ಉತ್ತಮ: ಡೇಟಾಬೇಸಿನಿಂದ ಡೇಟಾಬೇಸಿಗೆ ಆಪರೇಟರ್ ಬೇರೆ, ನಿಯಮ ಬೇರೆ, ಎಸ್‌ಕ್ಯೂಲೈಟ್‌ನ ಮೂಲ ತಂತ್ರಾಂಶದಲ್ಲಿ ಅದಕ್ಕೆ ಫಂಕ್ಷನ್ ಕೂಡ ಇಲ್ಲ. ಪೂರ್ಣಪಠ್ಯ ಹುಡುಕಾಟಕ್ಕೆ ಹೋಗುವವರು ಅಲ್ಲಿಯೂ ಮೌಲ್ಯದೊಳಗೆ ಇನ್ನೊಂದು ಭಾಷೆ ಅಡಗಿದೆ ಎಂಬುದನ್ನು ನೆನಪಿಡಬೇಕು. ಪೋಸ್ಟ್‌ಗ್ರೆಸ್‌ನ ಟು-ಟಿಎಸ್‌ಕ್ವೆರಿ ಫಂಕ್ಷನ್‌ಗೆ ಬಳಕೆದಾರರ ಪಠ್ಯವನ್ನು ಹಾಗೆಯೇ ಕೊಟ್ಟರೆ, ಎರಡು ಪದಗಳ ನಡುವೆ ಬರೀ ಜಾಗವಿದ್ದರೂ ವಾಕ್ಯರಚನೆಯ ದೋಷ ಬರುತ್ತದೆ. ಪ್ಲೇನ್‌ಟು ಅಥವಾ 11ನೆಯ ಆವೃತ್ತಿಯಿಂದ ಬಂದಿರುವ ವೆಬ್‌ಸರ್ಚ್‌ಟು ರೂಪವನ್ನು ಬಳಸಬೇಕು.

ಪರೀಕ್ಷೆಗೆ ಇಡಬೇಕಾದ ಸಾಲುಗಳು

ನೀವು ಬೆಂಬಲಿಸುವ ಪ್ರತಿಯೊಂದು ಡೇಟಾಬೇಸಿನ ಮೇಲೂ ಒಂದೇ ಪರೀಕ್ಷೆಯನ್ನು ಓಡಿಸಿ. ಒಂದರ ಮೇಲೆ ಓಡಿಸಿ ಉಳಿದವು ಹಾಗೆಯೇ ಇರುತ್ತವೆಂದು ಊಹಿಸಿದರೆ ಮೇಲೆ ಹೇಳಿದ ವ್ಯತ್ಯಾಸಗಳಲ್ಲಿ ಒಂದೂ ಬಯಲಿಗೆ ಬರುವುದಿಲ್ಲ. ಚಿಕ್ಕ ಟೇಬಲ್ ಸಾಕು. ಅದರಲ್ಲಿ 50% ಎಂಬ ಸಾಲಿನ ಜೊತೆಗೆ 500 ಇರಲಿ; ಕ_ಗ ಎಂಬುದರ ಜೊತೆಗೆ ಕಖಗ ಇರಲಿ; !, \, [ಕ] ಮತ್ತು ' ಚಿಹ್ನೆಗಳಿರುವ ಒಂದೊಂದು ಸಾಲಿರಲಿ. ಒಂದು ನಲ್ ಸಾಲೂ ಇರಲಿ. % ಎಂದು ಹುಡುಕಿದರೆ ಶೇಕಡಾ ಚಿಹ್ನೆಯಿರುವ ಸಾಲು ಮಾತ್ರ ಬರಬೇಕು, _ ಎಂದು ಹುಡುಕಿದರೆ ಅಂಡರ್‌ಸ್ಕೋರ್ ಇರುವುದು ಮಾತ್ರ. ಇದೇ ನಿಯಮ ಉಳಿದ ಚಿಹ್ನೆಗಳಿಗೂ. ನಾಟ್ ಲೈಕ್ ಬಳಸುವ ಕಡೆ ನಲ್ ಸಾಲು ಫಲಿತಾಂಶದಲ್ಲಿ ಬರುವುದಿಲ್ಲ. ಬರಬೇಕೆಂದಿದ್ದರೆ ಈಸ್ ನಲ್ ಎಂಬ ಷರತ್ತನ್ನು ಬೇರೆಯಾಗಿ ಸೇರಿಸಬೇಕು. ಕನ್ನಡಕ್ಕೆಂದು ಒತ್ವದ ಕೂಡು ರೂಪ ಮತ್ತು ಬಿಡಿ ರೂಪದ ಎರಡು ಸಾಲು, ‘ಸಾಫ್ಟ್‌ವೇರ್’ ಪದ ನಾನ್‌ಜಾಯಿನರ್ ಸಹಿತ ಮತ್ತು ರಹಿತವಾಗಿರುವ ಎರಡು ಸಾಲು, ‘೫೦’ ಎಂದಿರುವ ಒಂದು ಸಾಲು ಸೇರಿಸಿ. ಇವುಗಳನ್ನು ಪರೀಕ್ಷೆಯ ಫೈಲ್‌ನಲ್ಲಿ ನೇರವಾಗಿ ಟೈಪ್ ಮಾಡದೆ ಯೂನಿಕೋಡ್ ಸಂಖ್ಯೆಗಳಿಂದ ಬರೆಯುವುದು ಮುಖ್ಯ, ಏಕೆಂದರೆ ಕೀಬೋರ್ಡ್ ತಂತ್ರಾಂಶವಾಗಲಿ ಎಡಿಟರ್ ಆಗಲಿ ನಿಮಗೆ ತಿಳಿಯದಂತೆ ಎರಡನ್ನೂ ಒಂದೇ ರೂಪಕ್ಕೆ ತಂದುಬಿಟ್ಟರೆ ಪರೀಕ್ಷೆ ಏನನ್ನೂ ಪರೀಕ್ಷಿಸದೆಯೇ ಪಾಸಾಗುತ್ತದೆ.